ಯಂತ್ರದ ನೆರವು, ನೌಕರನ ಹೊಣೆ

(ಧಾರಾವಿಯ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣ)



ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಬಳಸಲು ನೌಕರರನ್ನು ಹುರಿದುಂಬಿಸುವುದು ಹೇಗೆಂಬುದು ಇಂದಿನ ವಿಷಯ. ಕೇಂದ್ರ ಸರಕಾರದ ಸೇವೆಯಲ್ಲಿರುವ ನನಗೆ ಇದು ಕೇವಲ ತಂತ್ರಜ್ಞಾನದ ಪ್ರಶ್ನೆಯಾಗಿ ಕಾಣುವುದಿಲ್ಲ. ನೌಕರನ ಭಯ, ನಾಗರಿಕನ ಹಕ್ಕು ಎರಡೂ ಇದರಲ್ಲಿ ಅಡಕವಾಗಿವೆ.

ಭಯ ಹೊಸದಲ್ಲ. 1960ರ ದಶಕದಲ್ಲಿ ಜೀವವಿಮಾ ನಿಗಮದ ಕಲ್ಕತ್ತೆಯ ಕಚೇರಿಗೆ ಗಣಕಯಂತ್ರ ಬಾರದಂತೆ ನೌಕರರು ಕಾವಲು ನಿಂತಿದ್ದರು. ಕೆಲಸ ಹೋದೀತೆಂಬ ಆತಂಕ ಅವರದು. ಬ್ಯಾಂಕುಗಳ ಗಣಕೀಕರಣಕ್ಕೆ ದಾರಿ ತೆರೆದದ್ದು 1983ರಲ್ಲಿ ನೌಕರ ಸಂಘಗಳೊಂದಿಗೆ ಆದ ಒಪ್ಪಂದ. ಬರಿಯ ಸುತ್ತೋಲೆಯಿಂದ ಆಗದ ಕೆಲಸ ಸಮಾಲೋಚನೆಯಿಂದ ಆಗುತ್ತದೆ.

ಇನ್ನು ನಾಗರಿಕನ ಹಕ್ಕು. ಈ ಧಾರಾವಿಯನ್ನೇ ನೋಡಿ. ಪುನರಭಿವೃದ್ಧಿ ಯೋಜನೆಯಲ್ಲಿ ಇಲ್ಲಿಯೇ ಉಚಿತ ಮನೆ ಸಿಗಬೇಕಾದರೆ, 2000ದ ಜನವರಿ 1ಕ್ಕೆ ಮುಂಚಿನಿಂದ ನೆಲಮಹಡಿಯಲ್ಲಿ ಇದ್ದೇವೆಂದು ದಾಖಲೆಯಿಂದ ತೋರಿಸಬೇಕು. ನಮ್ಮವರ ಪೆಟ್ಟಿಗೆಯಲ್ಲಿ ಇರುವುದೇನು? ಕಲಬುರಗಿ ಕಡೆಯ ಶಾಲೆಯ ಕನ್ನಡ ದಾಖಲೆ, ಮರಾಠಿ ಪಡಿತರ ಚೀಟಿ, ಇಂಗ್ಲಿಷ್ ಗುರುತುಚೀಟಿ. ಒಂದರಲ್ಲಿ ಹಣಮಂತ, ಇನ್ನೊಂದರಲ್ಲಿ ಹನುಮಂತ. ಭಾಷೆ ಬಲ್ಲ ಗುಮಾಸ್ತನಿಗೆ ಇಬ್ಬರೂ ಒಬ್ಬನೇ ಇರಬಹುದೆಂಬುದು ಹೊಳೆಯುತ್ತದೆ. ಅಕ್ಷರವನ್ನಷ್ಟೇ ಹೋಲಿಸುವ ಯಂತ್ರಕ್ಕೆ ಅವರು ಬೇರೆ ಬೇರೆ.

ಹಾಗೆಂದು ಯಂತ್ರವನ್ನು ದೂರವಿಡಬೇಕೆ? ಬೇಡ. 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ‘ಭಾಷಿಣಿ’ಯು ಕನ್ನಡವೂ ಸೇರಿದಂತೆ ನಮ್ಮ ಭಾಷೆಗಳ ನಡುವಿನ ಅನುವಾದಕ್ಕೆ ನೆರವಾಗುತ್ತದೆ. ಕನ್ನಡ ಬಾರದ ಅಧಿಕಾರಿಗೆ ಅರ್ಜಿಯ ಸಾರ ಕೂಡಲೇ ತಿಳಿಯುವಂತಾದರೆ, ಅದನ್ನು ಓದಿಸಲು ಬಡವನು ಮಧ್ಯವರ್ತಿಗೆ ಹಣ ತೆರಬೇಕಾಗಿಲ್ಲ. ಕಲಿಯಿರಿ ಎಂದು ನೌಕರರಿಗೆ ನಾನು ಹೇಳುವುದು ಇದಕ್ಕಾಗಿ.

ಆದರೆ ಕಲಿಯಿರಿ ಎನ್ನುವವರಿಗೂ ಕರ್ತವ್ಯಗಳಿವೆ. ತರಬೇತಿ ಕಚೇರಿಯ ವೇಳೆಯಲ್ಲೇ ನಡೆಯಬೇಕು. ನಿವೃತ್ತಿಗೆ ಹತ್ತಿರವಾದವರನ್ನು ಹಂಗಿಸಬಾರದು. ಯಾವುದನ್ನು ಯಂತ್ರಕ್ಕೆ ಒಪ್ಪಿಸಬಹುದು, ಯಾವುದು ಕೂಡದು ಎಂಬುದು ಸ್ಪಷ್ಟವಿರಬೇಕು. ಚಾಟ್‌ಜಿಪಿಟಿ, ಡೀಪ್‌ಸೀಕ್ ಮುಂತಾದವನ್ನು ಕಚೇರಿಯ ಗಣಕಯಂತ್ರಗಳಲ್ಲಿ ಬಳಸಬಾರದೆಂದು 2025ರ ಜನವರಿಯಲ್ಲಿ ಕೇಂದ್ರ ಹಣಕಾಸು ಸಚಿವಾಲಯ ತನ್ನ ಸಿಬ್ಬಂದಿಗೆ ಸೂಚಿಸಿದ್ದು ಸರಕಾರಿ ಮಾಹಿತಿಯ ಗೋಪ್ಯತೆಗಾಗಿ. ಅರ್ಜಿದಾರನ ಗುರುತುಪತ್ರಕ್ಕೂ ಅಷ್ಟೇ ಎಚ್ಚರ ಸಲ್ಲಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಅರ್ಜಿ ತಿರಸ್ಕರಿಸುವ ಆದೇಶವನ್ನು ಮನುಷ್ಯನೇ ಓದಿ, ಕಾರಣ ಬರೆದು, ಸಹಿ ಹಾಕಬೇಕು. ‘ಯಂತ್ರ ಹಾಗೆಂದಿತು’ ಎಂಬುದು ಕಾರಣವಲ್ಲ.

ಕನ್ನಡಿಗ ನೌಕರರಲ್ಲಿ ನನ್ನದೊಂದು ವಿನಂತಿ. ಹೊರನಾಡಿನ ಕಚೇರಿಗಳಲ್ಲಿ ಯಂತ್ರದ ಕನ್ನಡವನ್ನು ತಿದ್ದಬಲ್ಲವರು ನಾವೇ. ನಾವು ದೂರ ನಿಂತರೆ ತಪ್ಪು ಹೆಸರೇ ಕಡತದಲ್ಲಿ ಸ್ಥಿರವಾಗುತ್ತದೆ. ಅದರ ಬೆಲೆ ತೆರುವವರು ಈ ಗಲ್ಲಿಗಳಲ್ಲಿರುವ ನಮ್ಮ ಬಂಧುಗಳು.