ಪಿಜಿ ಗೇಟಿಗೆ ಒಂಬತ್ತೂವರೆ, ಊರಿಗೆ ರಾತ್ರಿ ಒಂದು ಗಂಟೆ

ಇವತ್ತಿನ ಮಾತು ಊಟದ ಬಗ್ಗೆ, ರಾತ್ರಿಯ ಬಗ್ಗೆ, ಸ್ವಲ್ಪ ದುಡ್ಡಿನ ಬಗ್ಗೆ. ಮೂರೂ ಸೇರೋ ಜಾಗ ತುಮಕೂರು.

ಶುರು ಮಾಡೋಕೆ ಕಾರಣ ನಮ್ಮಣ್ಣ. ದೊಡ್ಡಪ್ಪನ ಮಗ. ಹೋದ ತಿಂಗಳು ಕಂದಿಕೆರೆಗೆ ಹೋಗಿದ್ದೆ. ಊಟ ಆದ ಮೇಲೆ ಜಗಲಿ ಮೇಲೆ ಕೂತಿದ್ದಾಗ ಮೆಲ್ಲಗೆ ಕೇಳಿದ: "ಪುಟ್ಟಿ, ನೀನು ಬಿ.ಕಾಂ. ಓದ್ದೋಳು, ಒಂದು ಲೆಕ್ಕ ಹಾಕ್ಕೊಡು. ತುಮಕೂರಲ್ಲಿ ಒಂದು ಕೆಫೆ ಮಾಡೋಣ ಅಂತಿದ್ದೀನಿ. ನಲವತ್ತು ಸೀಟಿಂದು. ಕೊಬ್ಬರಿ ದುಡ್ಡು ಸ್ವಲ್ಪ ಇದೆ, ಉಳಿದಿದ್ದಕ್ಕೆ ತೋಟದ ಪತ್ರ ಇಟ್ಟು ಸಾಲ ತಗೋತೀನಿ."

ದೊಡ್ಡಪ್ಪ ಒಳಗೆ ಮಲಗಿದ್ರು. ಪತ್ರ ಇರೋದು ಅವರ ಹೆಸರಲ್ಲಿ. ಅವರಿಗೆ ಇನ್ನೂ ಹೇಳಿರಲಿಲ್ಲ.

ಅಣ್ಣನ ತಲೇಲಿ ಇದು ಯಾಕೆ ಬಂತು ಅಂತ ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇತ್ತು. ತಿಪಟೂರು ಮಾರುಕಟ್ಟೇಲಿ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದಿತ್ತು. ರೈತರು ಬೀದಿಗಿಳಿದ್ರು, ರಾಜ್ಯ ಸರ್ಕಾರ ಮೇಲಿಂದ ಪ್ರೋತ್ಸಾಹ ಧನ ಕೊಡಬೇಕಾಯ್ತು. ಎರಡು ವರ್ಷ ಕಳೆಯೋದ್ರಲ್ಲಿ, 2025ರಲ್ಲಿ, ಅದೇ ಕೊಬ್ಬರಿ 25 ಸಾವಿರ ದಾಟ್ತು. ರೋಗ, ಇಳುವರಿ ಇಲ್ಲ, ಎಳನೀರಿಗೇ ಕಾಯಿ ಹೋಗ್ತಿದೆ, ಹೀಗೆ ನಾನಾ ಕಾರಣ. ಅಟ್ಟದ ಮೇಲೆ ಕಾಯಿ ಉಳಿಸ್ಕೊಂಡಿದ್ದೋರ ಕೈಗೆ ದುಡ್ಡು ಬಂತು. ಆ ದುಡ್ಡಿನ ಜೊತೆಗೆ ಒಂದು ಹೆದರಿಕೆನೂ ಬಂತು: ಮತ್ತೆ ಬೀಳುತ್ತೆ, ಬೀಳೋದ್ರೊಳಗೆ ಬೇರೆ ಏನಾದ್ರೂ ಮಾಡಬೇಕು.

ಆ "ಬೇರೆ ಏನಾದ್ರೂ" ಈಗಿನ ಹುಡುಗರಿಗೆ ಕೆಫೆ. ಹಿಂದಿನೋರಿಗೆ ಲಾರಿ ಆಗಿತ್ತು. ನಮ್ಮ ಚಿಕ್ಕನಾಯಕನಹಳ್ಳಿ ತಾಲ್ಲೂಕಲ್ಲಿ ಅದಿರು ಗಣಿಗಾರಿಕೆ ಜೋರಾಗಿದ್ದಾಗ ಸಾಲ ಮಾಡಿ ಲಾರಿ ತಗೊಂಡೋರು ಎಷ್ಟು ಜನ! ಆ ಲಾರಿಗಳನ್ನ ನಂಬಿ ರಸ್ತೆ ಬದಿ ರಾತ್ರಿಯಿಡೀ ಒಲೆ ಉರೀತಿತ್ತು. 2011ರ ಆಗಸ್ಟಲ್ಲಿ ಸುಪ್ರೀಂ ಕೋರ್ಟು ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲೂ ಗಣಿಗಾರಿಕೆ ನಿಲ್ಲಿಸ್ತು. ಆಗ ನಾನು ಹೈಸ್ಕೂಲು. ಲಾರಿ ನಿಂತ ಮೇಲೆ ಒಲೆಯೂ ಆರಿತು. ರಾತ್ರಿ ವ್ಯಾಪಾರ ಅನ್ನೋದು ಯಾರ ಮೇಲೆ ನಿಂತಿರುತ್ತೆ ಅಂತ ನಾನು ಕಲಿತ ಮೊದಲ ಪಾಠ ಅದು.

ಈಗ ತುಮಕೂರಿಗೆ ಬರೋಣ. ನಾನು ಮೊದಲು ಬಂದಾಗ ಹೊರಗಡೆ ಊಟ ಅಂದ್ರೆ ಮೂರು ಥರ. ಒಂದು, ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಮತ್ತು ಊರೊಳಗಿನ ಉಡುಪಿ ಹೋಟೆಲು. ಎರಡು, ಮುದ್ದೆ ಸಾರಿನ ಮಿಲ್ಟ್ರಿ ಹೋಟೆಲು. ಮೂರು, ಬಾರ್ ಅಂಡ್ ರೆಸ್ಟೋರೆಂಟು. ಅದರ ಮಹಡಿ ಮೇಲೆ ಪರದೆ ಹಾಕಿದ "ಫ್ಯಾಮಿಲಿ ರೂಮ್". ಹೆಣ್ಣುಮಕ್ಕಳು ಅಲ್ಲಿ ಊಟ ಮಾಡಬೇಕು ಅಂದ್ರೆ ಜೊತೇಲಿ ಫ್ಯಾಮಿಲಿ ಇರಬೇಕು. ನಾವು ನಾಲ್ಕು ಜನ ಗೆಳತಿಯರು ಒಂದ್ಸಲ ಹೋದಾಗ ಸಪ್ಲೈಯರ್ ಅಣ್ಣ ಪಾಪ ತುಂಬಾ ಮರ್ಯಾದೆಯಿಂದಲೇ ಕೇಳಿದ್ದ, "ಮೇಡಂ, ಫ್ಯಾಮಿಲಿ ಹಿಂದೆ ಬರ್ತಿದ್ದಾರಾ?" ಅಂತ.

ಆಮೇಲೆ ಊರು ಬದಲಾಯ್ತು. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರ್ತು. ರಸ್ತೆ ಅಗೆದರು, ಮುಚ್ಚಿದರು, ಮತ್ತೆ ಅಗೆದರು. ವಸಂತನರಸಾಪುರದಲ್ಲಿ ಕಾರ್ಖಾನೆಗಳು ಬಂದವು. 2014ರಲ್ಲಿ ಫುಡ್ ಪಾರ್ಕ್ ಉದ್ಘಾಟನೆ ಆಗಿದ್ದೂ ಅಲ್ಲೇ. 2023ರ ಫೆಬ್ರವರಿಯಲ್ಲಿ ಗುಬ್ಬಿ ತಾಲ್ಲೂಕಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ. ಎಂಜಿನಿಯರಿಂಗ್, ಮೆಡಿಕಲ್ ಓದೋ ಮಕ್ಕಳು ಹೊರಗಿಂದ ಬಂದರು. ಎಸ್‌.ಎಸ್‌.ಪುರಂ, ಬಿ.ಎಚ್. ರಸ್ತೆ ಕಡೆ ನೋಡಿ: ಬಲ್ಬು ನೇತುಹಾಕಿದ ಕೆಫೆ, ಮೊಮೊ, ಶವರ್ಮಾ, ಮಂದಿ ಬಿರಿಯಾನಿ, ಮಹಡಿ ಮೇಲಿನ ರೆಸ್ಟೋರೆಂಟು. ನಾನು ದೂರೋಕೆ ಹೇಳ್ತಿಲ್ಲ. ಪರದೆ ಇಲ್ಲದ ಜಾಗದಲ್ಲಿ ನಾಲ್ಕು ಹುಡುಗೀರು ಕೂತು ಜೋರಾಗಿ ನಗಬಹುದು ಅಂತ ತೋರಿಸಿಕೊಟ್ಟಿದ್ದೇ ಈ ಕೆಫೆಗಳು. ಆ ಋಣ ನನಗಿದೆ.

ಇದರ ಮೇಲೆ ಸರ್ಕಾರದ ಮಾತು. 2024ರ ಫೆಬ್ರವರಿ ಬಜೆಟ್ಟಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಬೆಂಗಳೂರು ಮತ್ತೆ ಹತ್ತು ಮಹಾನಗರ ಪಾಲಿಕೆಗಳಲ್ಲಿ ವ್ಯಾಪಾರದ ಸಮಯ ರಾತ್ರಿ ಒಂದು ಗಂಟೆವರೆಗೆ ವಿಸ್ತರಿಸೋದಾಗಿ ಹೇಳಿದ್ರು. ಆ ಹತ್ತರಲ್ಲಿ ನಮ್ಮ ತುಮಕೂರೂ ಒಂದು. ಅಣ್ಣ ಇದನ್ನ ಮೊಬೈಲಲ್ಲಿ ಸೇವ್ ಮಾಡ್ಕೊಂಡಿದ್ದ. "ನೋಡು, ಒಂದು ಗಂಟೆವರೆಗೆ! ಹತ್ತಕ್ಕೆ ಮುಚ್ಚೋದಕ್ಕೂ ಒಂದಕ್ಕೆ ಮುಚ್ಚೋದಕ್ಕೂ ಮೂರು ಗಂಟೆ ವ್ಯಾಪಾರ ಜಾಸ್ತಿ ಕಣೇ."

ಸರಿ, ಲೆಕ್ಕ ಹಾಕೋಣ ಅಂದೆ. ಡಿಗ್ರಿ ಆದ ಮೇಲೆ ಎರಡು ವರ್ಷ ತುಮಕೂರಿನ ಒಂದು ಆಡಿಟರ್ ಆಫೀಸಲ್ಲಿ ಕೆಲಸ ಮಾಡಿದ್ದೆ. ಹೋಟೆಲುಗಳ ಜಿಎಸ್‌ಟಿ ರಿಟರ್ನ್ಸ್ ಹಾಕೋದು ನನ್ನ ಪಾಲಿಗಿತ್ತು. ಹೊರಗಿಂದ ದೀಪ ಮಿನುಗೋ ಜಾಗ ಒಳಗಿಂದ ಹೇಗಿರುತ್ತೆ ಅಂತ ಬಿಲ್ಲಿನ ಕಟ್ಟುಗಳಲ್ಲಿ ನೋಡಿದ್ದೀನಿ.

ಈಗ ಹೇಳೋ ಅಂಕಿಗಳು ಅಣ್ಣ ವಿಚಾರಿಸ್ಕೊಂಡು ಬಂದಿದ್ದವು. ತಿಂಗಳ ಬಾಡಿಗೆ 60 ಸಾವಿರ. ಎಂಟು ಜನ ಕೆಲಸದವರು, ಊಟ ವಸತಿ ಸೇರಿ ತಲಾ 15 ಸಾವಿರ ಅಂದ್ರೂ 1 ಲಕ್ಷ 20 ಸಾವಿರ. ಗ್ಯಾಸು, ಕರೆಂಟು, ನೀರು, ಸಣ್ಣಪುಟ್ಟ ರಿಪೇರಿ 40 ಸಾವಿರ. 25 ಲಕ್ಷ ಸಾಲ, ಐದು ವರ್ಷ, ನೂರಕ್ಕೆ 11 ಬಡ್ಡಿ ಅಂದ್ರೆ ತಿಂಗಳ ಕಂತು 54 ಸಾವಿರದ ಮೇಲೆ. ಒಟ್ಟು ಎರಡು ಮುಕ್ಕಾಲು ಲಕ್ಷಕ್ಕೆ ಸ್ವಲ್ಪ ಕಮ್ಮಿ. ಒಬ್ಬರೂ ಊಟಕ್ಕೆ ಬರದೇ ಇದ್ರೂ ಇಷ್ಟು ಖರ್ಚು ಗ್ಯಾರಂಟಿ.

ಬಂದವರು ತಲಾ 250 ರೂಪಾಯಿದು ತಿಂದರು ಅನ್ನಿ. ಅಡುಗೆ ಸಾಮಾನಿಗೆ ನೂರಕ್ಕೆ 35 ಹೋದರೆ ಕೈಯಲ್ಲಿ ಉಳಿಯೋದು 162 ರೂಪಾಯಿ ಚಿಲ್ಲರೆ. ಭಾಗಿಸಿದ್ರೆ ದಿನಕ್ಕೆ ಸುಮಾರು 56 ಜನ ಬರಬೇಕು. ಲಾಭಕ್ಕಲ್ಲ, ಸಮಕ್ಕೆ ಸಮ ಆಗೋಕೆ. ಸೋಮವಾರವೂ 56. ಪರೀಕ್ಷೆ ಮುಗಿದು ಹಾಸ್ಟೆಲ್ ಖಾಲಿ ಆದಾಗಲೂ 56. ಶ್ರಾವಣದಲ್ಲಿ ಅರ್ಧ ಊರು ಮಾಂಸ ಬಿಟ್ಟಾಗಲೂ 56.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರಲ್ಲ. ಸಾಮಾನ್ಯ ರೆಸ್ಟೋರೆಂಟಿಗೆ ಜಿಎಸ್‌ಟಿ ನೂರಕ್ಕೆ 5 ಅಷ್ಟೆ, 2017ರ ನವೆಂಬರಿಂದ. ಕಮ್ಮಿ ಅಂತ ಖುಷಿ ಆಗುತ್ತೆ. ಆದರೆ ಆ ಐದರ ಷರತ್ತು ಏನಂದ್ರೆ, ನೀವು ಕೊಂಡ ವಸ್ತುಗಳ ಮೇಲೆ ಕಟ್ಟಿದ ತೆರಿಗೆ ವಾಪಸ್ ಹೊಂದಿಸ್ಕೊಳ್ಳೋ ಹಾಗಿಲ್ಲ. ಒಳಾಂಗಣದ ಕೆಲಸ, ಎಸಿ, ಕಾಫಿ ಮೆಷಿನ್ನು ಇವಕ್ಕೆ ನೂರಕ್ಕೆ 18 ಕಟ್ಟಿರ್ತೀರಲ್ಲ, ಅದು ಹೋಯ್ತು ಅಂತಲೇ ಲೆಕ್ಕ. 25 ಲಕ್ಷದ ಕೆಲಸಕ್ಕೆ ನಾಲ್ಕೂವರೆ ಲಕ್ಷ ತೆರಿಗೆ. ಅಣ್ಣ ಈ ಸಾಲನ್ನೇ ಬರ್ಕೊಂಡಿರಲಿಲ್ಲ.

"ಆದ್ರೂ 56 ಜನ ಬರಲ್ವೇನೇ, ಅಷ್ಟು ದೊಡ್ಡ ಊರಲ್ಲಿ?" ಅಂದ. ನಾನು ಬೇಡ ಅನ್ನಲಿಲ್ಲ. ಬೇಡ ಅಂದ್ರೆ ಹಟ ಹೆಚ್ಚಾಗುತ್ತೆ. "ನೀನು ನೋಡಿರೋ ಮಳಿಗೆ ಎದುರಿಗೆ ಅಂಥದ್ದೇ ಒಂದು ಕೆಫೆ ಇದೆಯಲ್ಲ, ಏಳು ದಿನ ಆಚೆ ಕೂತು ತಲೆ ಎಣಿಸು" ಅಂದೆ. ಪುಣ್ಯಾತ್ಮ, ಕೂತ. ಟೀ ಅಂಗಡಿ ಕಟ್ಟೆ ಮೇಲೆ, ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಹನ್ನೆರಡರವರೆಗೆ, ಕೊಬ್ಬರಿ ಲೆಕ್ಕ ಬರೆಯೋ ಪುಸ್ತಕದ ಹಿಂದಿನ ಹಾಳೇಲಿ ಗೀಟು ಹಾಕ್ತಾ.

ಏಳು ದಿನಕ್ಕೆ 287 ಜನ. ದಿನಕ್ಕೆ 41. ಪಾರ್ಸಲ್ ತಗೊಂಡು ಹೋದ ಡೆಲಿವರಿ ಹುಡುಗರು 70, ಅಂದ್ರೆ ದಿನಕ್ಕೆ ಹತ್ತು. ಆ ಪಾರ್ಸಲ್ಲಲ್ಲಿ ಆ್ಯಪ್‌ನೋರ ಪಾಲು ಕಾಲು ಭಾಗ ಅಂತ ಇಟ್ಕೊಂಡು, ಡಬ್ಬಿ ಖರ್ಚು ಕಳೆದ್ರೆ ಉಳಿಯೋದು ಒಂದಕ್ಕೆ 90 ರೂಪಾಯಿ. ಎಲ್ಲಾ ಕೂಡಿಸಿ ಕಳೆದ ಮೇಲೂ ತಿಂಗಳಿಗೆ ಸುಮಾರು 47 ಸಾವಿರ ಕೈಯಿಂದ ಹಾಕಬೇಕು.

ಆದರೆ ನನ್ನ ಕಣ್ಣು ನಿಂತಿದ್ದು ಬೇರೆ ಗೀಟುಗಳ ಮೇಲೆ. ರಾತ್ರಿ ಒಂಬತ್ತೂವರೆ ಆದ ಮೇಲೆ ಬಂದವರು ಇಡೀ ವಾರಕ್ಕೆ 31 ಜನ. ಅದರಲ್ಲಿ ಮನೆಯವರ ಜೊತೆ ಬಂದವರನ್ನ ಬಿಟ್ರೆ ಹೆಣ್ಣುಮಕ್ಕಳು ಒಬ್ಬರೂ ಇಲ್ಲ. "ಅದ್ಯಾಕೋ ಒಂಬತ್ತು ಗಂಟೆಗೆ ಎಲ್ರೂ ಒಟ್ಟಿಗೆ ಎದ್ದು ಹೋಗ್ಬಿಡ್ತಾರೆ" ಅಂದ ಅಣ್ಣ. ನನಗೆ ನಗು ಬಂತು. ಅಳುನೂ ಬಂತು ಅನ್ನಿ. ಅಣ್ಣಾ, ಒಂಬತ್ತೂವರೆಗೆ ಪಿಜಿ ಗೇಟು ಹಾಕ್ತಾರೆ! ನಾನಿದ್ದ ಪಿಜಿಯಲ್ಲೂ ಹಾಗೇ. ಹತ್ತು ನಿಮಿಷ ತಡ ಆದ್ರೆ ಮನೆಗೆ ಫೋನು ಹೋಗ್ತಿತ್ತು. ಊರಿಗೆ ಒಂದು ಗಂಟೆ, ನಮಗೆ ಒಂಬತ್ತೂವರೆ. ಆ ಕೆಫೆಯ ಗಿರಾಕಿಗಳಲ್ಲಿ ಅರ್ಧದಷ್ಟು ಹುಡುಗೀರು. ಅವರು ಎದ್ದರೆ ಜೊತೇಲಿದ್ದ ಹುಡುಗರೂ ಏಳ್ತಾರೆ. ಅಂದ್ರೆ ಆ ವ್ಯಾಪಾರದ ನಿಜವಾದ ರಾತ್ರಿ ಏಳರಿಂದ ಒಂಬತ್ತು. ಎರಡು ಗಂಟೆ.

ಕೆಲಸ ಮಾಡೋ ಕಡೆಯಿಂದ ನೋಡಿದರೂ ಅಷ್ಟೇ. 2021ರ ಜನವರಿಯಲ್ಲಿ ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯೋ ಅಂಗಡಿಗಳು ದಿನದ 24 ಗಂಟೆ ತೆರೆಯಬಹುದು ಅಂತ ಮೂರು ವರ್ಷದ ಮಟ್ಟಿಗೆ ಸರ್ಕಾರ ಆದೇಶ ಮಾಡಿತ್ತು. ಹೆಣ್ಣುಮಕ್ಕಳನ್ನ ರಾತ್ರಿ ದುಡಿಸಬೇಕಾದ್ರೆ ಅವರ ಲಿಖಿತ ಒಪ್ಪಿಗೆ ಬೇಕು, ಓಡಾಟಕ್ಕೆ, ಭದ್ರತೆಗೆ ವ್ಯವಸ್ಥೆ ಬೇಕು ಅಂತ ಅದರಲ್ಲೇ ಇತ್ತು. ಸರಿಯಾದ ಷರತ್ತು. ಆದರೆ ಎಂಟು ಜನರ ಕೆಫೆಯವನು ವ್ಯಾನ್ ಎಲ್ಲಿಂದ ತರ್ತಾನೆ? ಹಾಗಾಗಿ ಅಡುಗೆಮನೇಲಿರೋದು ಅಸ್ಸಾಂ, ಒಡಿಶಾ, ನೇಪಾಳದ ಹುಡುಗರು. ಒಂದಕ್ಕೆ ಬಾಗಿಲು ಹಾಕಿದ್ರೆ ಪಾತ್ರೆ ತೊಳೆದು ಅವರು ಮಲಗೋದು ಎರಡೂವರೆಗೆ. ಆ ಮೂರು ಗಂಟೆಯ ಕೂಲಿ ಯಾರ ಲೆಕ್ಕದಲ್ಲೂ ಇರಲ್ಲ. ಅಣ್ಣನ ಲೆಕ್ಕದಲ್ಲೂ ಇರಲಿಲ್ಲ.

ನಮ್ಮ ಕಡೆಯೋರಿಗೆ ರಾತ್ರಿ ಹೊಸದು, ಅದಕ್ಕೇ ಹೀಗೆ ಅಂತ ಕೆಲವರು ಹೇಳ್ತಾರೆ. ನಾನು ಒಪ್ಪಲ್ಲ. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ, ಇದೇ ಜಿಲ್ಲೇಲಿ. ಕಂಪನಿ ನಾಟಕ ಕ್ಯಾಂಪು ಹಾಕಿದಾಗ ಗಾಡಿ ಕಟ್ಕೊಂಡು, ಚಾಪೆ ಸುತ್ಕೊಂಡು, ಬುತ್ತಿ ಇಟ್ಕೊಂಡು ಹೋಗ್ತಿದ್ವಿ, ಬೆಳಗಿನ ಜಾವ ವಾಪಸ್ ಬರ್ತಿದ್ವಿ ಅಂತ ನಮ್ಮಜ್ಜಿ ಈಗಲೂ ಹೇಳ್ತಾರೆ. ಜಾತ್ರೆ ರಾತ್ರಿ ಹೆಂಗಸರು ಬೆಳಗಾಗೋವರೆಗೂ ಓಡಾಡ್ತಾರೆ, ಮಂಡಕ್ಕಿ ಖಾರ ತಿಂತಾರೆ, ಯಾರೂ ಗೇಟು ಹಾಕಲ್ಲ. ಯಾಕಂದ್ರೆ ಸುತ್ತ ದೀಪ ಇರುತ್ತೆ, ಜನ ಇರ್ತಾರೆ, ವಾಪಸ್ ಬರೋಕೆ ಗಾಡಿ ಇರುತ್ತೆ. ರಾತ್ರಿ ಇದ್ದಿದ್ದೇ. ಅದನ್ನ ನಡೆಸಿಕೊಡೋ ಏರ್ಪಾಡು ಇತ್ತು. ಈಗ ಸಮಯ ಕೊಟ್ಟಿದ್ದಾರೆ, ಏರ್ಪಾಡು ಕೊಟ್ಟಿಲ್ಲ. ಹತ್ತರ ಮೇಲೆ ಸಿಟಿ ಬಸ್ಸಿಗೆ ಕಾದು ನಿಂತು ನೋಡಿ, ಗೊತ್ತಾಗುತ್ತೆ.

ಏಳನೇ ದಿನ ಶನಿವಾರ. ನಾನೂ ಅಣ್ಣನ ಜೊತೆ ಹೋಗಿದ್ದೆ. ಹನ್ನೊಂದಕ್ಕೆ ಅಲ್ಲಿಂದ ಎದ್ದು ಬಸ್ ಸ್ಟ್ಯಾಂಡ್ ಕಡೆ, ಆಸ್ಪತ್ರೆ ಕಡೆ ನಡೆದ್ವಿ. ತಳ್ಳೋ ಗಾಡಿಯೊಂದರ ಸುತ್ತ ಇಪ್ಪತ್ತು ಜನ. ಶಿಫ್ಟ್ ಮುಗಿಸಿ ಬಂದ ಕಾರ್ಖಾನೆ ಹುಡುಗರು. ಆಟೋದೋರು. ಕೈಯಲ್ಲಿ ಆಸ್ಪತ್ರೆ ಚೀಟಿ, ಫ್ಲಾಸ್ಕು ಹಿಡಿದಿದ್ದ ಒಬ್ಬ ಅಮ್ಮ. ಇಡ್ಲಿ, ಚಿತ್ರಾನ್ನ, ಬಿಸಿ ಹಾಲು. ಆ ಅಮ್ಮ ತಿಂದು ಕೈ ತೊಳೆಯೋವರೆಗೂ ಗಾಡಿಯವರು ತಮ್ಮ ಸ್ಟೂಲು ಬಿಟ್ಟುಕೊಟ್ಟು ನಿಂತೇ ಇದ್ದರು. ಅಣ್ಣ ಬಹಳ ಹೊತ್ತು ನೋಡಿದ. ಆಮೇಲೆ ಪುಸ್ತಕ ತೆಗೆದು ಅಲ್ಲೂ ಗೀಟು ಹಾಕೋಕೆ ಶುರು ಮಾಡಿದ. ಅರ್ಧ ಗಂಟೇಲಿ 34.

ರಾತ್ರಿ ಹನ್ನೊಂದಕ್ಕೆ ತುಮಕೂರಲ್ಲಿ ಹಸಿದಿರೋರು ಇವರು. ಇವರಿಗೆ ನಲವತ್ತು ರೂಪಾಯಿಗೆ ಬಿಸಿ ಊಟ ಬೇಕು. ಕೂರೋಕೆ ಜಾಗ, ಕೈ ತೊಳೆಯೋಕೆ ನೀರು ಬೇಕು. ಅದರಲ್ಲೂ ಆ ಅಮ್ಮನಂಥೋರಿಗೆ ಒಂದು ಶೌಚಾಲಯ ಬೇಕು. ಬಲ್ಬಿನ ಸರ ಯಾರೂ ಕೇಳಲ್ಲ.

ಈಗೇನಾಯ್ತು ಅಂತ ಕೇಳ್ತೀರಿ. ಅಣ್ಣ ಆ ಮಳಿಗೆಗೆ ಅಡ್ವಾನ್ಸ್ ಕೊಟ್ಟಿಲ್ಲ. ದೊಡ್ಡಪ್ಪನಿಗೆ ಎಲ್ಲಾ ಹೇಳಿದ್ದಾನೆ, ಪುಸ್ತಕ ತೋರಿಸಿಯೇ ಹೇಳಿದ್ದಾನೆ. ದೊಡ್ಡಪ್ಪ ಗೀಟುಗಳನ್ನ ನೋಡಿ, "ಕೊಬ್ಬರಿ ಆಗೋಕೆ ಕಾಯಿ ಅಟ್ಟದ ಮೇಲೆ ವರ್ಷದ ಹತ್ರ ಕಾಯುತ್ತೆ. ನೀನು ಏಳು ದಿನ ಕಾದಿದ್ದೀಯ. ಇನ್ನೊಂದಷ್ಟು ದಿನ ಕಾಯಿ" ಅಂದರಂತೆ. ಪತ್ರ ಟ್ರಂಕಲ್ಲೇ ಇದೆ. ಸಾಲ ಇಲ್ಲದೆ, ಕೈಲಿರೋ ದುಡ್ಡಲ್ಲೇ, ಆಸ್ಪತ್ರೆ ಹತ್ತಿರ ಸಣ್ಣ ಇಡ್ಲಿ ಹೋಟೆಲು ಆಗುತ್ತಾ ಅಂತ ಈಗ ನೋಡ್ತಿದ್ದಾನೆ. ಆಗಬಹುದು, ಆಗದೇನೂ ಇರಬಹುದು. ಹೋಟೆಲು ನಂಬಿ ಕೈ ಸುಟ್ಟುಕೊಂಡೋರನ್ನ ಆಡಿಟರ್ ಆಫೀಸಲ್ಲಿ ಕಣ್ಣಾರೆ ನೋಡಿದ್ದೀನಿ, ಅದಕ್ಕೆ ಭರವಸೆ ಕೊಡಲ್ಲ.

ನನಗೂ ಒಂದು ಆಸೆ ಇದೆ, ಸುಳ್ಳು ಯಾಕೆ ಹೇಳಲಿ. ಒಂದು ದಿನ ರಾತ್ರಿ ಹನ್ನೊಂದೂವರೆಗೆ, ಜೊತೇಲಿ ಯಾರೂ ಇಲ್ಲದೆ, ತುಮಕೂರಲ್ಲಿ ತಟ್ಟೆ ಇಡ್ಲಿ ತಿಂದು, ಬಸ್ಸಲ್ಲಿ ರೂಮಿಗೆ ಹೋಗಬೇಕು. ಅಷ್ಟೇ.

ನಿಮ್ಮ ಊರಲ್ಲಿ ರಾತ್ರಿ ಹತ್ತರ ಮೇಲೆ ಊಟ ಎಲ್ಲಿ ಸಿಗುತ್ತೆ, ಅಲ್ಲಿ ಯಾರು ಕೂತಿರ್ತಾರೆ, ಯಾರು ಇರಲ್ಲ? ಧ್ವನಿ ಸಂದೇಶ ಕಳಿಸಿ, ಮುಂದಿನ ಸಂಚಿಕೇಲಿ ಕೇಳಿಸ್ತೀನಿ. ಕೆಫೆ ಮಾಡಬೇಕು ಅಂತಿರೋ ಅಣ್ಣಂದಿರು, ಅಕ್ಕಂದಿರು ಯಾರಾದ್ರೂ ಇದ್ರೆ, ಮೊದಲು ಏಳು ದಿನ ಎದುರುಗಡೆ ಕೂತು ಗೀಟು ಹಾಕಿ. ಪುಸ್ತಕಕ್ಕೆ ಇಪ್ಪತ್ತು ರೂಪಾಯಿ, ಟೀ ಖರ್ಚು ಬೇರೆ.