ಅರ್ಧ ಮಿಲಿಮೀಟರಿನ ಅಂತರ: ನಿಸರ್ಗದ ಆಯ್ಕೆ ಮತ್ತು ಭಿನ್ನತೆಯ ಬೆಲೆ



ವಿಜ್ಞಾನದ ಒಂದು ಮುಖ್ಯ ವಿಚಾರವನ್ನು, ಆ ವಿಷಯ ಓದದವರಿಗೂ ತಿಳಿಯುವಂತೆ ಕನ್ನಡದಲ್ಲಿ ಹೇಳಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ. ಅದಕ್ಕೆ ತಕ್ಕದ್ದೆಂದು ಜೀವವಿಕಾಸವನ್ನು ಆರಿಸಿಕೊಂಡಿದ್ದೇನೆ. ವಿಕಾಸವಾದದ ಹೆಸರು ಕೇಳದವರು ಈ ಸಭೆಯಲ್ಲಿ ಇರಲಾರರು. ಆದರೂ ಅದು ಕೋಟ್ಯಂತರ ವರ್ಷಗಳ ಹಿಂದೆ ನಡೆದು ಮುಗಿದ ಸಂಗತಿ, ಪಳೆಯುಳಿಕೆಗಳಿಂದ ಊಹಿಸಿಕೊಳ್ಳಬೇಕಾದದ್ದು ಎಂಬ ಭಾವನೆ ಓದಿದವರಲ್ಲೂ ಇದೆ. ಅದು ನಮ್ಮ ಕಾಲದಲ್ಲೇ, ಅಳತೆಗೆ ಸಿಗುವ ಹಾಗೆ ನಡೆಯುತ್ತಿದೆ. ಒಂದು ಪುಟ್ಟ ದ್ವೀಪದ ಹಕ್ಕಿಗಳನ್ನು ಮುಂದಿಟ್ಟುಕೊಂಡು ಅದನ್ನು ವಿವರಿಸುತ್ತೇನೆ. ಆ ಹಕ್ಕಿಗಳಿಂದ ನಾನು ಕಲಿತದ್ದು ಇಷ್ಟು: ಯಾವುದೇ ಜೀವಿಕುಲಕ್ಕೆ ತನ್ನೊಳಗಿನ ಭಿನ್ನತೆಯೇ ಬದುಕಿನ ಬಂಡವಾಳ.

1. ಡಾರ್ವಿನ್ ಕಂಡದ್ದು, ಕಾಣದೆ ಹೋದದ್ದು

1835ರ ಸೆಪ್ಟೆಂಬರಿನಲ್ಲಿ ಬೀಗಲ್ ಹಡಗು ಗಲಾಪಗೋಸ್ ದ್ವೀಪಗಳನ್ನು ತಲುಪಿತು. ಇವು ದಕ್ಷಿಣ ಅಮೆರಿಕದ ಈಕ್ವೆಡಾರ್ ಕರಾವಳಿಯಿಂದ ಸುಮಾರು ಸಾವಿರ ಕಿಲೋಮೀಟರ್ ಪಶ್ಚಿಮಕ್ಕೆ, ಪೆಸಿಫಿಕ್ ಸಾಗರದಲ್ಲಿ ಜ್ವಾಲಾಮುಖಿಗಳಿಂದ ಎದ್ದ ದ್ವೀಪಗಳು. ಹಡಗಿನಲ್ಲಿದ್ದ ಚಾರ್ಲ್ಸ್ ಡಾರ್ವಿನ್‌ಗೆ ಆಗ 26 ವರ್ಷ. ಐದು ವಾರಗಳಲ್ಲಿ ಅವನು ಅಲ್ಲಿನ ಗಿಡ, ಹಕ್ಕಿ, ಹಲ್ಲಿಗಳ ಮಾದರಿಗಳನ್ನು ಕೂಡಿಹಾಕಿದ. ಕಂದು-ಕಪ್ಪು ಬಣ್ಣದ ಸಣ್ಣ ಹಕ್ಕಿಗಳೂ ಅದರಲ್ಲಿದ್ದವು. ಅವುಗಳಲ್ಲಿ ಯಾವುದು ಯಾವ ದ್ವೀಪದ್ದೆಂದು ಅವನು ಸರಿಯಾಗಿ ಗುರುತು ಮಾಡಿರಲಿಲ್ಲ. 1837ರಲ್ಲಿ ಲಂಡನ್ನಿನ ಪಕ್ಷಿತಜ್ಞ ಜಾನ್ ಗೌಲ್ಡ್ ಆ ಮಾದರಿಗಳನ್ನು ಪರೀಕ್ಷಿಸಿ, ಕೊಕ್ಕು ಎಷ್ಟೇ ಬೇರೆಬೇರೆಯಾಗಿ ಕಂಡರೂ ಇವೆಲ್ಲ ಒಂದೇ ಬಳಗದ ಫಿಂಚ್ ಹಕ್ಕಿಗಳು ಎಂದು ತೋರಿಸಿಕೊಟ್ಟ.

ಡಾರ್ವಿನ್ನನ ಮುಂದಿನ ಇಪ್ಪತ್ತು ವರ್ಷಗಳ ಚಿಂತನೆ 1859ರಲ್ಲಿ ಪುಸ್ತಕವಾಗಿ ಹೊರಬಂತು. ಅದಕ್ಕೆ ಒಂದು ವರ್ಷ ಮೊದಲು, 1858ರ ಜುಲೈ 1ರಂದು, ಡಾರ್ವಿನ್ ಮತ್ತು ಆಲ್‌ಫ್ರೆಡ್ ರಸೆಲ್ ವಾಲೇಸ್ ಇಬ್ಬರ ಬರಹಗಳನ್ನೂ ಲಂಡನ್ನಿನ ಲಿನೇಯನ್ ಸೊಸೈಟಿಯಲ್ಲಿ ಒಟ್ಟಿಗೆ ಓದಲಾಗಿತ್ತು. ಇಬ್ಬರೂ ಬೇರೆಬೇರೆಯಾಗಿ ಒಂದೇ ವಿಚಾರವನ್ನು ಮುಟ್ಟಿದ್ದರು.

ಆ ವಿಚಾರ ನಿಂತಿರುವುದು ಮೂರು ಸರಳ ಸಂಗತಿಗಳ ಮೇಲೆ. ಒಂದೇ ಪ್ರಭೇದದ ಜೀವಿಗಳು ಒಂದರಂತೆ ಒಂದು ಇರುವುದಿಲ್ಲ. ಈ ವ್ಯತ್ಯಾಸಗಳಲ್ಲಿ ಕೆಲವು ತಂದೆತಾಯಿಯಿಂದ ಮಕ್ಕಳಿಗೆ ಬರುತ್ತವೆ. ಹುಟ್ಟಿದ್ದೆಲ್ಲ ಬದುಕುವುದಿಲ್ಲ, ಯಾವುದು ಬದುಕಿ ಮರಿ ಮಾಡುತ್ತದೆ ಎಂಬುದಕ್ಕೂ ಈ ವ್ಯತ್ಯಾಸಗಳಿಗೂ ಸಂಬಂಧವಿರುತ್ತದೆ. ಮೂರೂ ಕೂಡಿದರೆ ಮುಂದಿನ ತಲೆಮಾರು ಹಿಂದಿನದಕ್ಕಿಂತ ಸ್ವಲ್ಪ ಬೇರೆಯಾಗಲೇಬೇಕು. ಇದೇ ನಿಸರ್ಗದ ಆಯ್ಕೆ. ಈ ಆಯ್ಕೆ ಬಹಳ ನಿಧಾನದ್ದು, ನಡೆಯುತ್ತಿರುವಾಗ ಅದನ್ನು ಕಣ್ಣಾರೆ ಕಾಣಲಾಗದು ಎಂದು ಡಾರ್ವಿನ್ ನಂಬಿದ್ದ. ಅವನು ಕಾಣಲಾಗದೆಂದು ಬಿಟ್ಟದ್ದನ್ನು ಅದೇ ಗಲಾಪಗೋಸ್‌ನಲ್ಲಿ, ಅದೇ ಫಿಂಚುಗಳಲ್ಲಿ, ಇಬ್ಬರು ಅಳೆದು ತೋರಿಸಿದರು.

2. ಡಾಫ್ನೆ ಮೇಜರ್

ಪೀಟರ್ ಗ್ರಾಂಟ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿ 1973ರಲ್ಲಿ ಡಾಫ್ನೆ ಮೇಜರ್ ಎಂಬ ದ್ವೀಪದಲ್ಲಿ ಕೆಲಸ ಆರಂಭಿಸಿದರು. ಅದು ಅರ್ಧ ಚದರ ಕಿಲೋಮೀಟರ್ ಕೂಡ ಇಲ್ಲದ ಜ್ವಾಲಾಮುಖಿಯ ದಿಬ್ಬ. ಅಲ್ಲಿ ಮನುಷ್ಯರ ವಾಸವಿಲ್ಲ. ಕುಡಿಯುವ ನೀರಿನಿಂದ ಹಿಡಿದು ಎಲ್ಲವನ್ನೂ ದೋಣಿಯಲ್ಲಿ ಒಯ್ಯಬೇಕು. ಅಲೆಗಳ ನಡುವೆ ದೋಣಿಯಿಂದ ಬಂಡೆಗೆ ಹಾರಿ ಇಳಿಯಬೇಕು. ಇಷ್ಟು ಚಿಕ್ಕ, ಒಂಟಿ ದ್ವೀಪವನ್ನು ಆರಿಸಿಕೊಂಡದ್ದರಲ್ಲೇ ಅವರ ಜಾಣ್ಮೆಯಿತ್ತು. ಅಲ್ಲಿ ಹೆಚ್ಚುಕಡಿಮೆ ಪ್ರತಿಯೊಂದು ಹಕ್ಕಿಯನ್ನೂ ಗುರುತಿಸಬಹುದಿತ್ತು.

ಅವರೂ ಅವರ ವಿದ್ಯಾರ್ಥಿಗಳೂ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ಬಣ್ಣದ ಉಂಗುರ ತೊಡಿಸಿ, ಕೊಕ್ಕಿನ ಉದ್ದ, ಅಗಲ, ದಪ್ಪಗಳನ್ನು ಅಳೆದು ಬಿಡುತ್ತಿದ್ದರು. ಯಾವುದು ಯಾವುದರ ಜೊತೆ ಗೂಡು ಕಟ್ಟಿತು, ಎಷ್ಟು ಮರಿ ಬದುಕಿದವು, ಯಾವುದು ಯಾವ ಬೀಜ ತಿಂದಿತು ಎಂದು ಬರೆದಿಟ್ಟರು. ನೆಲದ ಮೇಲೆ ಬಿದ್ದ ಬೀಜಗಳನ್ನೂ ಎಣಿಸಿದರು. ಈ ಕೆಲಸ ನಾಲ್ಕು ದಶಕ ನಡೆಯಿತು. ವಿಜ್ಞಾನದಲ್ಲಿ ತಾಳ್ಮೆಯೂ ಒಂದು ವಿಧಾನ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಅವರ ಗಮನ ಹೆಚ್ಚಾಗಿ ಇದ್ದದ್ದು ಮಧ್ಯಮ ನೆಲ-ಫಿಂಚ್ ಎಂಬ ಹಕ್ಕಿಯ ಮೇಲೆ. ಅದರ ಕೊಕ್ಕಿನ ದಪ್ಪ ಹಕ್ಕಿಯಿಂದ ಹಕ್ಕಿಗೆ ಬದಲಾಗುತ್ತಿತ್ತು. ಪೀಟರ್ ಬೋಗ್ ಎಂಬ ವಿದ್ಯಾರ್ಥಿ ತಂದೆತಾಯಿ ಮತ್ತು ಮರಿಗಳ ಕೊಕ್ಕನ್ನು ಹೋಲಿಸಿ, ಈ ದಪ್ಪ ಬಹುಪಾಲು ಅನುವಂಶೀಯವೆಂದು ತೋರಿಸಿದರು. ಭಿನ್ನತೆ ಇತ್ತು, ಅದು ಮಕ್ಕಳಿಗೆ ಬರುತ್ತದೆ ಎಂಬುದೂ ತಿಳಿದಾಗಿತ್ತು. ಬದುಕು ಸಾವಿನ ಸಂಗತಿ ಮಾತ್ರ ಬಾಕಿಯಿತ್ತು.

3. ಬರಗಾಲದ ಆಯ್ಕೆ

1976ರ ಮಳೆಗಾಲದಲ್ಲಿ ದ್ವೀಪಕ್ಕೆ 127 ಮಿಲಿಮೀಟರ್ ಮಳೆ ಬಿದ್ದಿತ್ತು. 1977ರಲ್ಲಿ ಬಿದ್ದದ್ದು 24 ಮಿಲಿಮೀಟರ್. ಗಿಡಗಳು ಬೀಜ ಕಟ್ಟಲಿಲ್ಲ. ಮಧ್ಯಮ ಫಿಂಚುಗಳು ಆ ವರ್ಷ ಮರಿ ಮಾಡಲೇ ಇಲ್ಲ. ಸಣ್ಣ, ಮೆತ್ತನೆಯ ಬೀಜಗಳು ಮೊದಲು ಮುಗಿದವು. ಉಳಿದದ್ದು ದೊಡ್ಡ, ಗಟ್ಟಿ ಬೀಜಗಳು. ಅವುಗಳಲ್ಲಿ ಮುಖ್ಯವಾದದ್ದು ನಮ್ಮ ಬಯಲುಸೀಮೆಯ ಹೊಲದ ಬದುಗಳಲ್ಲಿ ಬರಿಗಾಲಿಗೆ ಚುಚ್ಚುವ ನೆಗ್ಗಿಲುಮುಳ್ಳಿನ ಹತ್ತಿರದ ಸಂಬಂಧಿ. ಆ ಮುಳ್ಳುಕಾಯಿಯನ್ನು ಒಡೆದು ಬೀಜ ತೆಗೆಯಲು ದಪ್ಪ ಕೊಕ್ಕೇ ಬೇಕು.

ಸುಮಾರು 1,200 ಇದ್ದ ಹಕ್ಕಿಗಳಲ್ಲಿ ವರ್ಷದ ಕೊನೆಗೆ ಉಳಿದವು ಸುಮಾರು 180. ಉಳಿದವುಗಳ ಕೊಕ್ಕಿನ ಸರಾಸರಿ ದಪ್ಪ ಬರಕ್ಕೆ ಮೊದಲಿದ್ದದ್ದಕ್ಕಿಂತ ಸುಮಾರು ಅರ್ಧ ಮಿಲಿಮೀಟರ್ ಹೆಚ್ಚಿತ್ತು. 1978ರಲ್ಲಿ ಮಳೆ ಬಂದು ಅವು ಮರಿ ಮಾಡಿದಾಗ ಮರಿಗಳ ಕೊಕ್ಕೂ ಹಿಂದಿನ ತಲೆಮಾರಿಗಿಂತ ದಪ್ಪವಾಗಿತ್ತು. ಒಂದೇ ತಲೆಮಾರಿನಲ್ಲಿ ವಿಕಾಸ ನಡೆದಿತ್ತು, ಅದರ ಲೆಕ್ಕ ಪುಸ್ತಕದಲ್ಲಿತ್ತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನಮ್ಮ ತರಗತಿಗಳಲ್ಲಿ ಹೆಚ್ಚು ಗೊಂದಲವಾಗುವುದು ಇಲ್ಲೇ. ಬರ ಬಂತೆಂದು ಯಾವ ಹಕ್ಕಿಯ ಕೊಕ್ಕೂ ಬೆಳೆಯಲಿಲ್ಲ. ಬೇಕು ಎಂದು ಬಯಸಿದ್ದರಿಂದಲೋ ಕಷ್ಟಪಟ್ಟು ಪ್ರಯತ್ನಿಸಿದ್ದರಿಂದಲೋ ದಪ್ಪ ಕೊಕ್ಕು ಬರಲಿಲ್ಲ. ದಪ್ಪ ಕೊಕ್ಕಿನ ಹಕ್ಕಿಗಳು ಬರಕ್ಕೆ ಮೊದಲೇ ಇದ್ದವು. ಅವು ಹೆಚ್ಚು ಉಳಿದವು, ಉಳಿದವು ಹೆತ್ತವು. ಬದಲಾದದ್ದು ಹಕ್ಕಿಯಲ್ಲ, ಹಕ್ಕಿಗಳ ಸಮೂಹ. ಹೊಂದಾಣಿಕೆ ಎಂದು ನಾವು ಮೆಚ್ಚಿ ನೋಡುವ ಪ್ರತಿಯೊಂದರ ಹಿಂದೆಯೂ ಹೀಗೆ ಉಳಿಯದೆ ಹೋದ ಅಸಂಖ್ಯ ಜೀವಿಗಳಿವೆ. ಅವು ಸೋಮಾರಿಗಳೂ ಅಲ್ಲ, ಕೀಳೂ ಅಲ್ಲ. ಆ ವರ್ಷದ ಬೀಜ ಅವುಗಳ ಕೊಕ್ಕಿಗೆ ಒಗ್ಗಲಿಲ್ಲ, ಅಷ್ಟೆ.

4. ಗಾಳಿ ತಿರುಗಿದಾಗ

ದಪ್ಪ ಕೊಕ್ಕು ಗೆದ್ದಿತಲ್ಲ, ಇನ್ನು ಅದೇ ಬೆಳೆಯುತ್ತ ಹೋಗುತ್ತದೆ ಎಂದುಕೊಂಡರೆ ತಪ್ಪಾಗುತ್ತದೆ. 1982ರ ಕೊನೆಗೆ, ಸಾಗರದ ನೀರು ಬಿಸಿಯಾಗಿ ಆ ದ್ವೀಪಗಳಿಗೆ ಭಾರಿ ಮಳೆ ತರುವ ಎಲ್ ನಿನ್ಯೊ ಬಂತು. 1983ರಲ್ಲಿ ಆ ಒಣ ದ್ವೀಪದ ಮೇಲೆ ಸುಮಾರು 1,360 ಮಿಲಿಮೀಟರ್ ಮಳೆ ಸುರಿಯಿತು. ಬಳ್ಳಿಗಳು ಎಲ್ಲವನ್ನೂ ಮುಚ್ಚಿದವು. ಮುಳ್ಳುಕಾಯಿಯ ಗಿಡಗಳು ಅವುಗಳ ಅಡಿ ಸಿಕ್ಕಿ ಸೊರಗಿದವು. ನೆಲದ ತುಂಬ ಸಣ್ಣ ಬೀಜ. ಮುಂದೆ ಮತ್ತೆ ಒಣ ವರ್ಷಗಳು ಬಂದಾಗ, 1985ರ ಹೊತ್ತಿಗೆ, ಹೆಚ್ಚು ಉಳಿದವು ಸಣ್ಣ ಕೊಕ್ಕಿನ ಹಕ್ಕಿಗಳು. ಸಣ್ಣ ಬೀಜವನ್ನು ಚುರುಕಾಗಿ ಹೆಕ್ಕಲು ಅವಕ್ಕೆ ಸುಲಭ. ಎಂಟು ವರ್ಷಗಳ ಹಿಂದೆ ಗೆಲ್ಲಿಸಿದ ಗುಣವೇ ಈಗ ಹೊರೆಯಾಗಿತ್ತು.

ಇದಕ್ಕಿಂತ ಆಳವಾದ ಪಾಠ ಇನ್ನೊಂದಿದೆ. ಅದೇ ಎಲ್ ನಿನ್ಯೊ ಹೊತ್ತಿಗೆ ದೊಡ್ಡ ನೆಲ-ಫಿಂಚ್ ಎಂಬ ಇನ್ನೊಂದು ಪ್ರಭೇದದ ಕೆಲವೇ ಹಕ್ಕಿಗಳು ಡಾಫ್ನೆಗೆ ಬಂದು ನೆಲೆಸಿ, ಎರಡು ದಶಕಗಳಲ್ಲಿ ನೂರಾರಾದವು. ಮುಳ್ಳುಕಾಯಿ ಒಡೆಯುವುದರಲ್ಲಿ ಅವಕ್ಕೆ ಸಾಟಿಯಿಲ್ಲ. 2003ರಿಂದ 2005ರವರೆಗೆ ಮತ್ತೆ ಬರ ಬಿತ್ತು. 1977ರ ಅನುಭವದ ಪ್ರಕಾರ ಮಧ್ಯಮ ಫಿಂಚುಗಳಲ್ಲಿ ದಪ್ಪ ಕೊಕ್ಕಿನವು ಉಳಿಯಬೇಕಿತ್ತು. ಆದದ್ದು ತಿರುವುಮುರುವು. ಮುಳ್ಳುಕಾಯಿಯನ್ನೆಲ್ಲ ದೊಡ್ಡ ಫಿಂಚುಗಳು ಮುಗಿಸಿದವು; ಅವುಗಳೊಡನೆ ಪೈಪೋಟಿಗೆ ಬಿದ್ದ ದಪ್ಪ ಕೊಕ್ಕಿನ ಮಧ್ಯಮ ಫಿಂಚುಗಳು ಸತ್ತವು. ಸಣ್ಣ ಕೊಕ್ಕಿನವು ಪೈಪೋಟಿ ಇಲ್ಲದ ಸಣ್ಣ ಬೀಜಗಳಿಂದ ಜೀವ ಉಳಿಸಿಕೊಂಡವು. ಬರ ಅದೇ, ದ್ವೀಪ ಅದೇ, ನೆರೆಯವರು ಮಾತ್ರ ಬೇರೆ. ಅಷ್ಟಕ್ಕೆ ಆಯ್ಕೆಯ ದಿಕ್ಕು ಬದಲಾಯಿತು. 2016ರಲ್ಲಿ ಗ್ರಾಂಟ್ ದಂಪತಿಯ ಜೊತೆ ಸ್ವೀಡನ್ನಿನ ಉಪ್ಸಲ ವಿಶ್ವವಿದ್ಯಾಲಯದ ಲೀಫ್ ಆಂಡರ್ಸನ್ ಅವರ ತಂಡ, ಕೊಕ್ಕಿನ ಗಾತ್ರಕ್ಕೆ ಸಂಬಂಧಿಸಿದ ಎಚ್‌ಎಂಜಿಎ2 ಎಂಬ ಜೀನನ್ನು ಗುರುತಿಸಿ, ಆ ಬರದಲ್ಲಿ ಅದರ ಯಾವ ರೂಪ ಹೊಂದಿದ್ದ ಹಕ್ಕಿಗಳು ಹೆಚ್ಚು ಉಳಿದವು ಎಂಬುದನ್ನೂ ತೋರಿಸಿತು.

ಬಲಾಢ್ಯರೇ ಗೆಲ್ಲುತ್ತಾರೆ, ಅದೇ ನಿಸರ್ಗದ ನಿಯಮ ಎಂದು ಡಾರ್ವಿನ್ ಹೆಸರಿನಲ್ಲಿ ಹೇಳುವವರಿದ್ದಾರೆ. ಆ ಮಾತನ್ನು ಮನುಷ್ಯರ ನಡುವಿನ ಅನ್ಯಾಯಕ್ಕೆ ಸಮರ್ಥನೆಯಾಗಿ ಬಳಸಿದವರೂ ಇದ್ದಾರೆ. ಡಾಫ್ನೆಯ ಹಕ್ಕಿಗಳು ಅದನ್ನು ಒಪ್ಪುವುದಿಲ್ಲ. ಎಲ್ಲ ಕಾಲಕ್ಕೂ ಮೇಲಾದ ಕೊಕ್ಕು ಎಂಬುದು ಇಲ್ಲ. ಒಂದು ಕಾಲಕ್ಕೆ, ಒಂದು ಜಾಗಕ್ಕೆ, ಸುತ್ತಲಿನವರಿಗೆ ಒಗ್ಗಿದ ಕೊಕ್ಕು ಇದೆ. ಎಲ್ಲ ಹಕ್ಕಿಗಳಿಗೂ ತೆಳು ಕೊಕ್ಕೇ ಇದ್ದಿದ್ದರೆ 1977ರಲ್ಲಿ ಅವುಗಳ ಕಥೆ ಮುಗಿಯುತ್ತಿತ್ತೇನೋ. ಎಲ್ಲಕ್ಕೂ ದಪ್ಪ ಕೊಕ್ಕೇ ಇದ್ದಿದ್ದರೆ 2004ರಲ್ಲಿ. ಕುಲವನ್ನು ದಾಟಿಸಿದ್ದು ಯಾವ ಒಂದು ಕೊಕ್ಕೂ ಅಲ್ಲ, ಎಲ್ಲ ಬಗೆಯ ಕೊಕ್ಕುಗಳೂ ಇದ್ದದ್ದು.

5. ಒಂದು ಬಳಗ ಹಲವಾದ ಬಗೆ

ಒಂದೆರಡು ದಶಲಕ್ಷ ವರ್ಷಗಳ ಹಿಂದೆ ದಕ್ಷಿಣ ಅಮೆರಿಕದಿಂದ ಬಂದ ಒಂದು ಫಿಂಚ್ ಬಳಗದಿಂದ ಇಂದು ಹದಿನೇಳು ಹದಿನೆಂಟು ಪ್ರಭೇದಗಳಾಗಿವೆ. ಬೀಜ ಒಡೆಯುವವು, ಹುಳು ತಿನ್ನುವವು, ಕಳ್ಳಿಯ ಹೂವಿಗೆ ಹೋಗುವವು, ಕಡ್ಡಿ ಹಿಡಿದು ಮರದ ತೊಗಟೆಯಿಂದ ಹುಳು ಕೆದಕುವವು. ಇದು ಹೇಗಾಯಿತು? ಬೇರೆ ಬೇರೆ ದ್ವೀಪಗಳಲ್ಲಿ ಬೇರೆ ಬೇರೆ ಆಹಾರ, ಅದಕ್ಕೆ ತಕ್ಕ ಆಯ್ಕೆ. ಕೊಕ್ಕುಗಳು ದೂರ ಸರಿದವು. ಗಂಡು ಮರಿ ತಂದೆಯಿಂದ ಹಾಡು ಕಲಿಯುತ್ತದೆ. ಹೆಣ್ಣು ಜೊತೆಗಾರನನ್ನು ಹಾಡು ಮತ್ತು ರೂಪದಿಂದ ಗುರುತಿಸುತ್ತದೆ. ಎರಡೂ ಸಾಕಷ್ಟು ಬದಲಾದರೆ, ಮತ್ತೆ ಒಂದೇ ದ್ವೀಪದಲ್ಲಿ ಸೇರಿದಾಗಲೂ ಅವು ಪರಸ್ಪರ ಕೂಡುವುದು ಅಪರೂಪ. ಅಲ್ಲಿಗೆ ಒಂದು ಪ್ರಭೇದ ಎರಡಾದಂತೆ.

ಇದರ ಒಂದು ಆರಂಭವನ್ನೂ ಗ್ರಾಂಟ್ ದಂಪತಿ ಕಂಡರು. 1981ರಲ್ಲಿ ಗಾತ್ರದಲ್ಲಿ ದೊಡ್ಡದಾದ, ಹಾಡೂ ಬೇರೆಯಾದ ಒಂದು ಗಂಡು ಫಿಂಚ್ ಡಾಫ್ನೆಗೆ ಬಂತು. ಅದು ನೂರು ಕಿಲೋಮೀಟರಿಗೂ ದೂರದ ಎಸ್ಪನ್ಯೋಲ ದ್ವೀಪದ್ದೆಂದು ಜೀನ್ ಪರೀಕ್ಷೆಯಿಂದ ಮುಂದೆ ತಿಳಿಯಿತು. ಅದು ಸ್ಥಳೀಯ ಮಧ್ಯಮ ಫಿಂಚಿನ ಜೊತೆ ಕೂಡಿತು. ಅದರ ಸಂತಾನ ಕೆಲವೇ ತಲೆಮಾರುಗಳಲ್ಲಿ ಬೇರೆಯವರನ್ನು ಬಿಟ್ಟು ತಮ್ಮತಮ್ಮೊಳಗೇ ಜೊತೆಯಾಗತೊಡಗಿತು. 2003ರ ಬರದಲ್ಲಿ ಆ ವಂಶದಲ್ಲಿ ಉಳಿದವು ಒಂದು ಗಂಡು, ಒಂದು ಹೆಣ್ಣು. ಅವೆರಡರಿಂದಲೇ ವಂಶ ಮತ್ತೆ ಬೆಳೆಯಿತು. ಪ್ರಭೇದವೆಂಬುದು ಕಲ್ಲಿನಲ್ಲಿ ಕೆತ್ತಿದ ಗಡಿಯಲ್ಲ, ಇಂದೂ ಮೂಡುತ್ತಿರುವ ಗಡಿ.

6. ನಮ್ಮ ಗದ್ದೆ, ನಮ್ಮ ಆಸ್ಪತ್ರೆ

ಈ ತಿಳಿವಳಿಕೆ ನಮ್ಮ ಬದುಕಿಗೆ ಎಲ್ಲಿ ತಾಗುತ್ತದೆ? ಕ್ಷಯದ ಔಷಧಿಯನ್ನು ನೋಡಿ. 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ ಸ್ಟ್ರೆಪ್ಟೊಮೈಸಿನ್ ಪಡೆದ ರೋಗಿಗಳು ಮೊದಲು ಚೇತರಿಸಿಕೊಂಡರು. ಮುಂದೆ ಅವರಲ್ಲಿ ಹಲವರ ದೇಹದಲ್ಲಿ ಆ ಔಷಧಿಗೆ ಜಗ್ಗದ ರೋಗಾಣುಗಳು ಕಂಡವು. ರೋಗಾಣುಗಳಲ್ಲೂ ಭಿನ್ನತೆಯಿದೆ, ಔಷಧಿಯೂ ಒಂದು ಬರಗಾಲವೇ. ಒಂದೇ ರೋಗಾಣು ಹಲವು ಔಷಧಿಗಳನ್ನು ತಾಳಿಕೊಳ್ಳುವುದು ತೀರ ಅಪರೂಪವಾದ್ದರಿಂದ ಇಂದು ಕ್ಷಯಕ್ಕೆ ಹಲವು ಮಾತ್ರೆಗಳನ್ನು ಒಟ್ಟಿಗೆ ಕೊಡುತ್ತಾರೆ. ವೈದ್ಯರು ಹೇಳಿದಷ್ಟು ತಿಂಗಳು ಅವನ್ನು ನುಂಗಲೇಬೇಕು ಎನ್ನುವುದರ ಹಿಂದೆ ಇರುವುದು ಡಾರ್ವಿನ್ನನ ತರ್ಕ.

ಇನ್ನು ಗದ್ದೆ. ಡಾರ್ವಿನ್ ತನ್ನ ಪುಸ್ತಕದ ಮೊದಲ ಅಧ್ಯಾಯವನ್ನು ಮೀಸಲಿಟ್ಟದ್ದು ಮನುಷ್ಯ ಸಾಕಿ ಬೆಳೆಸಿದ ತಳಿಗಳಿಗೆ. ಅಂಥ ತಳಿಯೊಂದು ನಮ್ಮಲ್ಲೂ ಇದೆ. ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಸಮುದ್ರ ಸೇರುವಲ್ಲಿ ಗಜನಿ ಭೂಮಿಯಿದೆ. ಉಬ್ಬರದ ಉಪ್ಪುನೀರು ನುಗ್ಗುವ ನೆಲ ಅದು. ಅಲ್ಲಿ ರೈತರು ತಲೆತಲಾಂತರದಿಂದ ಬೆಳೆದುಕೊಂಡು ಬಂದ ಭತ್ತ ಕಗ್ಗ. ಉಪ್ಪನ್ನು ತಾಳುತ್ತದೆ, ನೆರೆಯಲ್ಲಿ ಮುಳುಗಿ ಕೆಲವು ದಿನ ನಿಂತರೂ ಚೇತರಿಸಿಕೊಳ್ಳುತ್ತದೆ. ಉಪ್ಪುನೀರು ಸೋಸಿ ಉಳಿಸಿದ್ದನ್ನು ರೈತರ ಕೈ ಮತ್ತೆ ಆರಿಸಿದೆ. ಇಳುವರಿಯ ಪಟ್ಟಿಯಲ್ಲಿ ಅದು ಕೆಳಗಿರಬಹುದು. ಸಮುದ್ರದ ಮಟ್ಟ ಏರುತ್ತಿರುವ ಈ ಶತಮಾನದಲ್ಲಿ ಅದರೊಳಗಿನ ಗುಣಕ್ಕೆ ಬೆಲೆ ಕಟ್ಟಲಾದೀತೆ?

ಇದು ಬರಿಯ ಭಾವುಕತೆಯ ಮಾತಲ್ಲ. 1970ರ ದಶಕದಲ್ಲಿ ಏಷ್ಯಾದ ಭತ್ತದ ಗದ್ದೆಗಳನ್ನು ಹುಲ್ಲು-ಕುಬ್ಜ ರೋಗ ತರುವ ವೈರಸ್ ಕಾಡಿತು. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಆರು ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿದಾಗ ತಕ್ಕ ನಿರೋಧಗುಣ ಸಿಕ್ಕಿದ್ದು ಒಂದೇ ಒಂದು ಕಾಡುಭತ್ತದಲ್ಲಿ. ಅದನ್ನು ಸಂಗ್ರಹಿಸಿದ್ದು ನಮ್ಮ ಉತ್ತರ ಪ್ರದೇಶದಲ್ಲಿ. ಯಾರೂ ಬಿತ್ತದ ಆ ಹುಲ್ಲಿನ ಒಂದು ಗುಣ ಐಆರ್36ರಂಥ ತಳಿಗಳಲ್ಲಿ ಸೇರಿ ಕೋಟಿಗಟ್ಟಲೆ ಜನರ ಅನ್ನವನ್ನು ಕಾಯಿತು.

7. ಕೊನೆಯ ಮಾತು

2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಪಾಠವನ್ನು ಕೈಬಿಟ್ಟದ್ದು ಸುದ್ದಿಯಾದಾಗ ದೇಶದ 1,800ಕ್ಕೂ ಹೆಚ್ಚು ವಿಜ್ಞಾನಿಗಳೂ ಅಧ್ಯಾಪಕರೂ ಬಹಿರಂಗ ಪತ್ರ ಬರೆದು ವಿರೋಧಿಸಿದರು. ಹನ್ನೆರಡನೆಯ ತರಗತಿಯಲ್ಲಿ ಪಾಠ ಉಳಿದಿದೆ, ಆದರೆ ಅದು ಜೀವಶಾಸ್ತ್ರ ತೆಗೆದುಕೊಂಡವರಿಗೆ ಮಾತ್ರ. ನಾನು ಆ ವಿರೋಧದ ಪರವಾಗಿದ್ದೇನೆ. ವೈದ್ಯರಾಗುವವರಿಗೆ ಮಾತ್ರ ಬೇಕಾದ ಪಾಠ ಇದಲ್ಲ. ಯಾವ ಬೀಜ ಇಟ್ಟುಕೊಳ್ಳಬೇಕು, ಔಷಧಿಯನ್ನು ಎಷ್ಟು ದಿನ ತೆಗೆದುಕೊಳ್ಳಬೇಕು, ಯಾವ ಕಾಡನ್ನು ಬಿಟ್ಟುಕೊಡಬಾರದು ಎಂದು ತೀರ್ಮಾನಿಸಬೇಕಾದ ಪ್ರತಿಯೊಬ್ಬರಿಗೂ ಇದು ಬೇಕು.

ನಿಸರ್ಗದ ಆಯ್ಕೆಗೆ ಮುಂದಾಲೋಚನೆಯಿಲ್ಲ. ಇದ್ದದ್ದರಲ್ಲಿ ಅದು ಆರಿಸುತ್ತದೆ. ಕಳೆದುಹೋದದ್ದನ್ನು ಬೇಕೆಂದಾಗ ಮರಳಿಸಿಕೊಡುವುದಿಲ್ಲ. ಮುಂದಾಲೋಚನೆ ಇರುವುದು ಮನುಷ್ಯನಿಗೆ. ಮುಂದಿನ ಬರ ಯಾವ ಬಗೆಯದೆಂದು ತಿಳಿಯದಿರುವಾಗ ಮಾಡಬಹುದಾದ ವಿವೇಕದ ಕೆಲಸ ಒಂದೇ: ಇಂದು ಕೆಲಸಕ್ಕೆ ಬಾರದೆಂದು ಕಾಣುವ ತಳಿಯನ್ನೂ ಜೀವಿಯನ್ನೂ ಅಳಿಯಗೊಡದಿರುವುದು.