ಗೋಡೆ ಮೇಲಿನ ಮೌಲ್ಯ, ಲೆಡ್ಜರ್‌ನಲ್ಲಿರೋ ಮೌಲ್ಯ

ಮೆಟ್ರೋದಲ್ಲಿ ನಿಂತುಕೊಂಡು ಕೇಳ್ತಿದ್ದೀರೋ, ಪಿಜಿ ರೂಮಲ್ಲಿ ಬಟ್ಟೆ ಮಡಚ್ತಾ ಕೇಳ್ತಿದ್ದೀರೋ ಗೊತ್ತಿಲ್ಲ. ಎಲ್ಲೇ ಇದ್ರೂ ಸ್ವಾಗತ. ಹೋದ ಎಪಿಸೋಡ್‌ನಲ್ಲಿ ಆಫರ್ ಲೆಟರ್ ಓದೋದು ಹೇಗೆ, ಸಿಟಿಸಿಗೂ ಕೈಗೆ ಬರೋ ಸಂಬಳಕ್ಕೂ ವ್ಯತ್ಯಾಸ ಏನು ಅಂತ ಮಾತಾಡಿದ್ವಿ. ಅದಾದ ಮೇಲೆ ತುಂಬಾ ಜನ ಒಂದೇ ಪ್ರಶ್ನೆ ಕಳಿಸಿದ್ರಿ: "ಅಕ್ಕಾ, ಸಂಬಳ ಸರಿ. ಆದ್ರೆ ಕಂಪನಿ ಒಳಗಿನ ವಾತಾವರಣ ಹೇಗಿದೆ ಅಂತ ಸೇರೋಕೆ ಮುಂಚೆ ಗೊತ್ತಾಗೋದು ಹೇಗೆ?"

ಇವತ್ತು ಅದನ್ನೇ ಮಾತಾಡೋಣ. ನಾನು ಎಚ್‌ಆರ್ ಓದಿದವಳಲ್ಲ. ದಾವಣಗೆರೆಯಲ್ಲಿ ಬಿ.ಕಾಂ ಮುಗಿಸಿ, ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಅಕೌಂಟ್ಸ್ ಕೆಲಸಕ್ಕೆ ಸೇರಿದವಳು. ಕಂಪನಿ ಹೆಸರು ಬೇಡ. ರಿಸೆಪ್ಶನ್ ಗೋಡೆ ಮೇಲೆ ದೊಡ್ಡ ಅಕ್ಷರದಲ್ಲಿ ಐದು ಮೌಲ್ಯ ಬರೆದಿದ್ರು. ಅದರಲ್ಲಿ ಒಂದು, ಎಲ್ಲರನ್ನೂ ಒಳಗೊಳ್ಳುವುದು. ಮೊದಲನೇ ದಿನ ಅದರ ಮುಂದೆ ನಿಂತು ಸೆಲ್ಫಿ ತೆಗೆದು ಅಪ್ಪನಿಗೆ ಕಳಿಸಿದ್ದೆ.

ಸೇರಿದ ಎರಡನೇ ತಿಂಗಳು ಸೋಮವಾರದ ರಿವ್ಯೂ ಮೀಟಿಂಗ್‌ನಲ್ಲಿ ನಾನೇನೋ ಹೇಳೋಕೆ ಹೋದೆ. ಇಂಗ್ಲಿಷ್ ತಡವರಿಸ್ತು. ಒಬ್ಬರು ನನ್ನ ವಾಕ್ಯವನ್ನ ಹಾಗೇ ನನ್ನ ಧಾಟಿಯಲ್ಲೇ ಇನ್ನೊಂದ್ಸಲ ಹೇಳಿದ್ರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವತ್ತಿಂದ ಮೀಟಿಂಗ್‌ಗಳಲ್ಲಿ ನಾನು ಬಾಯಿ ತೆರೀಲಿಲ್ಲ.

ಸ್ವಲ್ಪ ದಿನ ಆದಮೇಲೆ ಅದೇ ಮೀಟಿಂಗ್‌ನಲ್ಲಿ ಒಂದು ವಿಷಯ ಬಂತು. ಒಬ್ಬ ವಿದೇಶಿ ಕ್ಲೈಂಟ್‌ಗೆ ಏಪ್ರಿಲ್‌ನಿಂದ ಹೊಸ ರೇಟ್‌ನಲ್ಲಿ ಬಿಲ್ ಹಾಕಬೇಕು ಅಂತ ಸೇಲ್ಸ್‌ನವರು ಹೇಳಿದ್ರು. ಕಾಂಟ್ರ್ಯಾಕ್ಟ್ ಫೈಲ್ ಮಾಡಿದ್ದು ನಾನೇ. ಅದರಲ್ಲಿ ಹೊಸ ರೇಟ್ ಜುಲೈನಿಂದ ಅಂತಿತ್ತು. ನನಗದು ಗೊತ್ತಿತ್ತು. ಮನಸ್ಸಲ್ಲೇ ಇಂಗ್ಲಿಷ್ ವಾಕ್ಯ ಜೋಡಿಸ್ತಾ ಕೂತೆ. ಜೋಡಿಸಿ ಮುಗಿಯೋಷ್ಟರಲ್ಲಿ ಮೀಟಿಂಗೇ ಮುಗೀತು.

ಮೂರು ತಿಂಗಳ ಬಿಲ್ ವಾಪಸ್ ಬಂತು. ಕ್ರೆಡಿಟ್ ನೋಟ್ ಕೊಡಬೇಕಾಯ್ತು, ಪೇಮೆಂಟ್ ತಡೆಹಿಡಿದ್ರು. ಮ್ಯಾನೇಜರ್ ನನ್ನ ಕರೆದು, "ಕಾಂಟ್ರ್ಯಾಕ್ಟ್ ನೀವೇ ನೋಡಿದ್ರಲ್ವಾ?" ಅಂದ್ರು.

"ನೋಡಿದ್ದೆ ಸರ್."

"ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ?"

ಏನಂತ ಹೇಳಲಿ? ಅವತ್ತು ನಕ್ಕವರಲ್ಲಿ ಅವರೂ ಇದ್ರು.

ಇದು ನನ್ನೊಬ್ಬಳ ಕಥೆ ಅಲ್ಲ. ಏಮಿ ಎಡ್ಮಂಡ್ಸನ್ ಅಂತ ಒಬ್ಬ ಸಂಶೋಧಕಿ ಇದ್ದಾರೆ, ಈಗ ಹಾರ್ವರ್ಡ್‌ನಲ್ಲಿ ಪ್ರೊಫೆಸರ್. 1990ರ ದಶಕದಲ್ಲಿ ಅವರು ಆಸ್ಪತ್ರೆಗಳ ತಂಡಗಳನ್ನ ಅಧ್ಯಯನ ಮಾಡ್ತಿದ್ರು. ಒಳ್ಳೇ ತಂಡಗಳಲ್ಲಿ ಔಷಧಿ ಕೊಡೋದರಲ್ಲಿ ತಪ್ಪು ಕಡಿಮೆ ಇರುತ್ತೆ ಅನ್ನೋದು ಅವರ ಊಹೆ. ಲೆಕ್ಕ ಉಲ್ಟಾ ಬಂತು. ಒಳ್ಳೇ ತಂಡಗಳಲ್ಲೇ ತಪ್ಪಿನ ಸಂಖ್ಯೆ ಜಾಸ್ತಿ! ಯಾಕೆ ಅಂತ ಒಳಗೆ ಹೋಗಿ ನೋಡಿದಾಗ ಗೊತ್ತಾಗಿದ್ದೇನಂದ್ರೆ, ಅವರು ಹೆಚ್ಚು ತಪ್ಪು ಮಾಡ್ತಿರಲಿಲ್ಲ, ಆದ ತಪ್ಪನ್ನ ಮುಚ್ಚಿಡದೆ ಹೇಳ್ತಿದ್ರು. ಉಳಿದ ತಂಡಗಳಲ್ಲಿ ಭಯಕ್ಕೆ ಯಾರೂ ಬಾಯಿ ಬಿಡ್ತಿರಲಿಲ್ಲ. 1999ರಲ್ಲಿ ಅವರು ಬರೆದ ಪ್ರಬಂಧದಿಂದ 'ಸೈಕಲಾಜಿಕಲ್ ಸೇಫ್ಟಿ' ಅನ್ನೋ ಮಾತು ಎಲ್ಲಾ ಕಡೆ ಓಡಾಡ್ತಿದೆ. ನಮ್ಮ ಭಾಷೇಲಿ ಹೇಳೋದಾದ್ರೆ, ನಾನು ಬಾಯಿ ಬಿಟ್ರೆ ನನ್ನ ಮರ್ಯಾದೆ ಹೋಗಲ್ಲ ಅನ್ನೋ ಧೈರ್ಯ. ಆ ಧೈರ್ಯ ನನಗಿದ್ದಿದ್ರೆ ಕಂಪನಿಗೆ ಮೂರು ತಿಂಗಳ ಬಿಲ್ ಉಳೀತಿತ್ತು.

ಇಲ್ಲಿಗೆ ಕಥೆ ನಿಲ್ಲಿಸಿದ್ರೆ ನಾನು ಪಾಪದ ಹುಡುಗಿ, ಕಂಪನಿ ವಿಲನ್. ಕೇಳೋಕೂ ಚೆನ್ನಾಗಿರುತ್ತೆ. ಆದ್ರೆ ಇನ್ನೊಂದು ಕಥೆ ಇದೆ. ಅದರಲ್ಲಿ ತಪ್ಪು ನಂದು.

ಮೂರು ವರ್ಷದಲ್ಲಿ ನಾನು ಸೀನಿಯರ್ ಆದೆ. ಇಂಗ್ಲಿಷೂ ಬಂತು, ಧೈರ್ಯನೂ ಬಂತು. ಖರ್ಚಿನ ಬಿಲ್ ಪಾಸ್ ಮಾಡೋ ಕೆಲಸ ನನ್ನ ಟೇಬಲ್‌ಗೆ ಬಂತು. ಒಂದ್ಸಲ ಎಚ್‌ಆರ್‌ನಿಂದ ಒಂದು ರಿಕ್ವೆಸ್ಟ್: ಟೌನ್‌ಹಾಲ್ ಮೀಟಿಂಗ್‌ಗೆ ಸಂಜ್ಞಾ ಭಾಷೆಯ ಇಂಟರ್‌ಪ್ರಿಟರ್ ಬೇಕು, 6,000 ರೂಪಾಯಿ. ಟೆಸ್ಟಿಂಗ್ ಟೀಮ್‌ನಲ್ಲಿ ಕಿವಿ ಕೇಳಿಸದ ಒಬ್ಬ ಸಹೋದ್ಯೋಗಿ ಇದ್ರು, ಅವರಿಗೋಸ್ಕರ. ನಾನು ಸಿಸ್ಟಮ್‌ನಲ್ಲಿ ನೋಡಿದೆ. ಅದಕ್ಕೆ ಬಜೆಟ್ ಹೆಡ್ ಇರಲಿಲ್ಲ. 'ಹೆಡ್ ಇಲ್ಲ' ಅಂತ ಬರೆದು ರಿಜೆಕ್ಟ್ ಒತ್ತಿದೆ. ಹತ್ತು ಸೆಕೆಂಡ್ ಕೆಲಸ. ಅದೇ ವಾರ ಅದೇ ಟೌನ್‌ಹಾಲ್‌ನ ಬಲೂನ್, ಕೇಕ್, ಟೀಶರ್ಟ್‌ಗೆ 42,000 ಪಾಸ್ ಮಾಡಿದ್ದೆ. ಅದಕ್ಕೆ ಹೆಡ್ ಇತ್ತು. ಟೀಶರ್ಟ್ ಮೇಲೆ ಏನು ಬರೆದಿತ್ತು ಗೊತ್ತಾ? ನಮ್ಮ ಐದು ಮೌಲ್ಯ.

ಟೌನ್‌ಹಾಲ್ ಆಯ್ತು. ಮಾರನೇ ದಿನ ಅವರು ಚಾಟ್‌ನಲ್ಲಿ ನನಗೆ ಬರೆದ್ರು: "ನಿನ್ನೆ ಎಲ್ಲರೂ ಚಪ್ಪಾಳೆ ತಟ್ಟಿದ್ರು, ನಾನೂ ನಗ್ತಾ ತಟ್ಟಿದೆ. ಆಮೇಲೆ ಗೊತ್ತಾಯ್ತು, ನಮ್ಮ ಪ್ರಾಜೆಕ್ಟ್ ಮುಚ್ಚೋ ವಿಷಯ ಹೇಳಿ ನಮ್ಮ ಟೀಮ್‌ಗೆ ಥ್ಯಾಂಕ್ಸ್ ಹೇಳಿದ್ರಂತೆ."

ಅಷ್ಟೇ. ಬೈಗುಳ ಇಲ್ಲ, ದೂರಿಲ್ಲ. ನನಗೆ ಅವತ್ತು ಊಟ ಸೇರಲಿಲ್ಲ. ನನ್ನನ್ನ ನೋಡಿ ನಕ್ಕವರ ಮೇಲೆ ಎಷ್ಟು ಸಿಟ್ಟಿತ್ತು ನನಗೆ! ಅವರಿಗಾದ್ರೂ ನಾನು ಎದುರಿಗೆ ಕಾಣ್ತಿದ್ದೆ. ನಾನು ಇವರ ಮುಖವನ್ನೂ ನೋಡದೆ ಬಟನ್ ಒತ್ತಿದ್ದೆ.

ಕ್ಷಮಿಸಿ ಅಂತ ಬರೆದೆ. ಒಂದು ಥಂಬ್ಸ್ ಅಪ್ ಬಂತು. ಅದರ ಅರ್ಥ ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ.

ಆಮೇಲೆ ಕೂತು ಕಾನೂನು ಓದಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನ ಗುರುತಿಸುತ್ತೆ. ಸರ್ಕಾರಿ ಕಚೇರಿ ಮಾತ್ರ ಅಲ್ಲ, ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿ ಮಾಡಿ ಪ್ರಕಟಿಸಬೇಕು ಅನ್ನುತ್ತೆ. 20 ಅಥವಾ ಅದಕ್ಕಿಂತ ಹೆಚ್ಚು ಜನ ಇರೋ ಕಡೆ, ಏನೇನು ಸೌಲಭ್ಯ ಕೊಡ್ತೀವಿ ಅಂತ ಆ ನೀತಿಯಲ್ಲಿ ಬರೀಬೇಕು. ಅಂದ್ರೆ ನಾನು ರಿಜೆಕ್ಟ್ ಮಾಡಿದ್ದು ಯಾರೋ ದೊಡ್ಡ ಮನಸ್ಸು ಮಾಡಿ ಕೊಡೋ ದಾನ ಆಗಿರಲಿಲ್ಲ.

ಮುಂದಿನ ಬಜೆಟ್‌ನಲ್ಲಿ ಒಂದು ಹೊಸ ಸಾಲು ಸೇರಿಸಿದೆ: ಅಕ್ಸೆಸಿಬಿಲಿಟಿ ಖರ್ಚು. ಫೈನಾನ್ಸ್ ಹೆಡ್ "ಒಬ್ಬರಿಗೋಸ್ಕರನಾ?" ಅಂದ್ರು. "ಸರ್, ಹೆಡ್ ಇಲ್ಲದಿದ್ರೆ ಎರಡನೆಯವರು ಬರೋದೇ ಇಲ್ಲ" ಅಂದೆ. ಟೌನ್‌ಹಾಲ್‌ಗೆ ಇಂಟರ್‌ಪ್ರಿಟರ್ ಒಪ್ಪಿದ್ರು. ದಿನದ ಮೀಟಿಂಗ್‌ಗಳಿಗೆ ಒಪ್ಪಲಿಲ್ಲ, ಅಲ್ಲಿ ಕ್ಯಾಪ್ಶನ್ ಆನ್ ಮಾಡಿದ್ವಿ. ಅದು ನಮ್ಮ ಉಚ್ಚಾರಣೆಗೆ ಅರ್ಧ ತಪ್ಪೇ ಬರೀತಿತ್ತು. ವರ್ಷದೊಳಗೆ ಅವರು ಬೇರೆ ಕಂಪನಿಗೆ ಹೋದ್ರು. ಆ ಸಾಲು ಮಾತ್ರ ಬಜೆಟ್‌ನಲ್ಲಿ ಉಳೀತು.

ನಮ್ಮೂರಿನದೇ ಒಂದು ಉದಾಹರಣೆ ಹೇಳ್ತೀನಿ. 1999ರಲ್ಲಿ ಹತ್ತು ಜನ ಸೇರಿ ಮೈಂಡ್‌ಟ್ರೀ ಕಂಪನಿ ಶುರು ಮಾಡಿದ್ರು. ಲೋಗೋ ಬೇಕಿತ್ತು. ದೊಡ್ಡ ಜಾಹೀರಾತು ಏಜೆನ್ಸಿ ಬದಲು ಬೆಂಗಳೂರಿನ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕದ ಮಕ್ಕಳ ಹತ್ತಿರ ಹೋದ್ರು. ಸೆರೆಬ್ರಲ್ ಪಾಲ್ಸಿ ಇದ್ದ ಒಬ್ಬ ವಿದ್ಯಾರ್ಥಿ ಮಾಡಿದ ವಿನ್ಯಾಸವೇ ಕಂಪನಿಯ ಗುರುತಾಯ್ತು. 2019ರಲ್ಲಿ ಕಂಪನಿಯ ಹಿಡಿತ ಎಲ್ ಆಂಡ್ ಟಿ ಕೈಗೆ ಹೋಯ್ತು, 2022ರಲ್ಲಿ ಎಲ್ ಆಂಡ್ ಟಿ ಇನ್ಫೋಟೆಕ್ ಜೊತೆ ವಿಲೀನ ಆಯ್ತು. ಕಂಪನಿ ಅಂದ್ಮೇಲೆ ಮಾಲೀಕರು ಬದಲಾಗ್ತಾರೆ, ಹೆಸರೂ ಬದಲಾಗುತ್ತೆ. ನನಗೆ ಇದರಲ್ಲಿ ಇಷ್ಟ ಆಗೋದು, ನೆರವು ಕೊಟ್ಟು ಫೋಟೋ ತೆಗೆಸಿಕೊಳ್ಳೋ ಬದಲು ಆ ಮಕ್ಕಳಿಗೆ ನಿಜವಾದ ಕೆಲಸ ಕೊಟ್ರು ಅನ್ನೋದು. ಒಳಗೊಳ್ಳೋದು ಅಂದ್ರೆ ಅದು.

ಸರಿ, ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಇಂಟರ್‌ವ್ಯೂ ಕೊನೇಲಿ "ಏನಾದ್ರೂ ಕೇಳೋದಿದ್ಯಾ?" ಅಂತಾರಲ್ಲ, ಆಗ "ನಿಮ್ಮ ಮೌಲ್ಯಗಳೇನು?" ಅಂತ ಕೇಳಬೇಡಿ. ಗೋಡೆ ಓದಿ ಹೇಳ್ತಾರೆ. ಇವುಗಳನ್ನ ಕೇಳಿ.

ಒಂದು, ಇಂಟರ್ನಲ್ ಕಮಿಟಿಯಲ್ಲಿ ಯಾರಿದ್ದಾರೆ? 2013ರ ಕಾಯ್ದೆ ಪ್ರಕಾರ 10 ಅಥವಾ ಹೆಚ್ಚು ಜನ ಇರೋ ಕಡೆ ಲೈಂಗಿಕ ಕಿರುಕುಳದ ದೂರು ಕೇಳೋಕೆ ಈ ಸಮಿತಿ ಇರಲೇಬೇಕು. ಹಿರಿಯ ಮಹಿಳಾ ಉದ್ಯೋಗಿಯೇ ಅಧ್ಯಕ್ಷೆ, ಅರ್ಧದಷ್ಟಾದ್ರೂ ಮಹಿಳೆಯರು, ಹೊರಗಿನವರೊಬ್ಬರು. ಉತ್ತರ ಕೊಡೋಕೆ ತಡವರಿಸಿದ್ರೆ ಗಮನಿಸಿ.

ಎರಡು, ಕ್ರೆಶ್ ಇದ್ಯಾ? ಅಂದ್ರೆ ಶಿಶುಪಾಲನಾ ಕೇಂದ್ರ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರ ಆಯ್ತು, ಇದು ಮೊದಲ ಎರಡು ಮಕ್ಕಳಿಗೆ. 50 ಅಥವಾ ಹೆಚ್ಚು ಜನ ಇರೋ ಕಡೆ ಕ್ರೆಶ್ ಸೌಲಭ್ಯ ಬೇಕು, ದಿನಕ್ಕೆ ನಾಲ್ಕು ಸಲ ತಾಯಿ ಹೋಗಿ ಮಗೂನ ನೋಡಿ ಬರಬಹುದು. ಹುಡುಗರೂ ಇದನ್ನ ಕೇಳಬೇಕು. ಹೆಣ್ಮಕ್ಕಳು ಮಾತ್ರ ಕೇಳಿದ್ರೆ "ಮದುವೆ ಯಾವಾಗ?" ಅನ್ನೋ ಅನುಮಾನ ಶುರುವಾಗುತ್ತೆ.

ಮೂರು, ಹೌಸ್‌ಕೀಪಿಂಗ್‌ನವರು, ಸೆಕ್ಯೂರಿಟಿಯವರು ಎಲ್ಲಿ ಕೂತು ಊಟ ಮಾಡ್ತಾರೆ? ಇದನ್ನ ಕೇಳೋದೂ ಬೇಡ. ಇಂಟರ್‌ವ್ಯೂಗೆ ಹೋದಾಗ ಕಣ್ಣಲ್ಲೇ ನೋಡಿ. ಮೆಟ್ಟಿಲ ಕೆಳಗೆ ಡಬ್ಬಿ ಬಿಚ್ಚಿ ಕೂತಿದ್ರೆ ಗೋಡೆ ಓದೋ ಅಗತ್ಯ ಇಲ್ಲ.

ನಾಲ್ಕು, ಇತ್ತೀಚೆಗೆ ನಿಮ್ಮ ಟೀಮ್‌ನಲ್ಲಿ ಚಿಕ್ಕವರೊಬ್ಬರು ದೊಡ್ಡವರ ತಪ್ಪು ತೋರಿಸಿದ್ದು ಯಾವಾಗ? ಆಮೇಲೆ ಏನಾಯ್ತು?

ಇನ್ನು, ಈಗಾಗಲೇ ಕೆಲಸದಲ್ಲಿ ಇದ್ದೀರಾ? ಹಾಗಾದ್ರೆ ನಿಮ್ಮ ಕೈಯಲ್ಲಿ ಯಾವ ಬಟನ್ ಇದೆ ನೋಡ್ಕೊಳ್ಳಿ. ರಜೆ ಒಪ್ಪೋದಿರಬಹುದು, ಬಿಲ್ ಪಾಸ್ ಮಾಡೋದಿರಬಹುದು, ಮೀಟಿಂಗ್ ಟೈಮ್ ಇಡೋದಿರಬಹುದು. ಸಂಸ್ಕೃತಿ ಸಿಇಒ ಭಾಷಣದಿಂದ ಬರುತ್ತೆ ಅಂದುಕೊಂಡಿದ್ದೆ ನಾನು. ನನ್ನ ಆ ಹತ್ತು ಸೆಕೆಂಡ್‌ನಿಂದಲೂ ಬರುತ್ತೆ.

ಕೊನೇ ಮಾತು. ಈ ಎಪಿಸೋಡ್ ಮಾಡೋಕೆ ಮುಂಚೆ ಆ ಸಹೋದ್ಯೋಗಿಗೆ ಮೆಸೇಜ್ ಮಾಡಿ, ನಿಮ್ಮ ವಿಷಯ ಹೇಳಬಹುದಾ ಅಂತ ಕೇಳಿದೆ. "ಹೇಳಿ. ಆದ್ರೆ ನಾನು ಹೇಗೆ ಕೇಳಿಸ್ಕೊಳ್ಳಲಿ?" ಅಂದ್ರು. ಇಷ್ಟು ದಿನ ಪಾಡ್‌ಕಾಸ್ಟ್ ಮಾಡ್ತಿದ್ದೀನಿ, ಇದು ನನಗೆ ಹೊಳೆದೇ ಇರಲಿಲ್ಲ ನೋಡಿ! ಅದಕ್ಕೇ ಈ ಮಾತನ್ನ ಅಕ್ಷರದಲ್ಲೂ ಹಾಕಿಸ್ತಿದ್ದೀನಿ. ಇನ್ನು ಮೇಲೆ ಪ್ರತಿ ಎಪಿಸೋಡ್‌ನದ್ದೂ ಹೀಗೇ ಬರುತ್ತೆ.

ನಿಮ್ಮ ಆಫೀಸಿನ ಕಥೆ ವಾಯ್ಸ್ ನೋಟ್‌ನಲ್ಲಿ ಕಳಿಸಿ. ಬರೆದು ಕಳಿಸಿದ್ರೂ ಆಯ್ತು. ಮುಂದಿನ ವಾರ ಸಿಗೋಣ.